ಅತ್ತೆಯ ವಿದೇಶಾಂಗ ಖಾತೆ

ನಮ್ಮ ಅತ್ತೆ ತಮ್ಮ ಜೀವಮಾನದಲ್ಲಿ ಯಾರ ಮಾತನ್ನೂ ಹೇಳಿದ ಹಾಗೆ ಇನ್ನೊಬ್ಬರಿಗೆ ಮುಟ್ಟಿಸಿದವರಲ್ಲ. ಇದು ಚಾಡಿಯಲ್ಲ, ಶುದ್ಧ ಮೆಚ್ಚುಗೆ! ಎರಡು ಕಾಫಿ ತೋಟದವರು ಇವತ್ತಿಗೂ ಒಂದೇ ಹಳ್ಳದ ನೀರು ಎತ್ತಿಕೊಂಡು, ಒಬ್ಬರ ತಲೆ ಒಬ್ಬರು ಒಡೆಯದೆ ಬದುಕಿದ್ದಾರೆ ಎಂದರೆ ಅದಕ್ಕೆ ಅತ್ತೆಯ ಈ ಒಂದು ಅಪ್ರಾಮಾಣಿಕತೆಯೇ ಕಾರಣ.

ಒಂದು ಉದಾಹರಣೆ ಕೊಡುತ್ತೇನೆ. ಮೇಲಿನ ತೋಟದ ಗೌಡರು ಒಂದು ಬೇಸಿಗೆಯಲ್ಲಿ ಜಗಲಿಯ ಮೇಲೆ ನಿಂತು, ಲುಂಗಿ ಎತ್ತಿ ಕಟ್ಟಿ, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದ್ದರು: "ಅಕ್ಕಾ, ಆ ಹೆಗ್ಡೆಗೆ ಹೇಳಿ. ಇನ್ನೊಂದು ಸಲ ಪಾಳಿ ತಪ್ಪಿಸಿ ನೀರೆತ್ತಿದರೆ ಅವನ ಪಂಪು ಸಮೇತ ಅವನನ್ನೂ ಹಳ್ಳಕ್ಕೆ ಎಸೀತೀನಿ!"

ಅತ್ತೆ ತಲೆಯಾಡಿಸಿ, ಕೊಡೆ ಹಿಡಿದು, ನಿಧಾನವಾಗಿ ಗುಡ್ಡ ಇಳಿದು ಕೆಳಗಿನ ತೋಟಕ್ಕೆ ಹೋದರು. ಹೆಗ್ಡೆಯವರ ಮನೆಯಲ್ಲಿ ಊಟ ಮಾಡಿದರು. ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು. ಎಲೆ ಅಡಿಕೆ ಮೆಲ್ಲುತ್ತಾ ಬಾಯಿಬಿಟ್ಟರು.

"ಗೌಡ್ರು ನಿಮ್ಮ ಪಂಪಿನ ಸುದ್ದಿ ಎತ್ತಿದ್ರು."

"ಎಂತಂತೆ?" ಹೆಗ್ಡೆಯವರ ಹುಬ್ಬು ಆಗಲೇ ಮೇಲಕ್ಕೆ ಹೋಗಿತ್ತು.

"ಹಳ್ಳದ ಅಂಚಿಗೆ ತೀರಾ ಹತ್ತಿರ ಇಟ್ಟಿದ್ದೀರಂತೆ. ಬಿದ್ದುಗಿದ್ದೀತು, ನೀವೂ ಅಲ್ಲೇ ನಿಂತಿರ್ತೀರಿ, ಜಾರೀತು ಅಂತ."

ಹೆಗ್ಡೆಯವರು ಎಲೆ ಅಡಿಕೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕೆಮ್ಮಿ, "ಅಷ್ಟೆಲ್ಲ ಯೋಚನೆ ಮಾಡ್ತಾರಾ ಗೌಡ್ರು?" ಎಂದರು. ಮರುದಿನದಿಂದ ಪಾಳಿ ತಪ್ಪಲಿಲ್ಲ. ಪಂಪು ಕೂಡ ಹಳ್ಳದಿಂದ ನಾಲ್ಕು ಮಾರು ಹಿಂದಕ್ಕೆ ಹೋಯಿತು!

ಈ ಅತ್ತೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡರು, ಮಕ್ಕಳಿಲ್ಲ. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ಬಸ್ಸು ನಿಲ್ಲಬಾರದ, ಆದರೆ ಅತ್ತೆಗಾಗಿ ನಿಲ್ಲುವ ಒಂದು ತಿರುವಿನಲ್ಲಿ ಇಳಿದು ಒಳಗೆ ನಡೆದರೆ ಅವರ ಮನೆ. ಅದರ ಸುತ್ತ ಅಂಗೈಯಗಲದ ತೋಟ. ಮೇಲೆ ಗೌಡರ ಎಸ್ಟೇಟು, ಕೆಳಗೆ ಹೆಗ್ಡೆಯವರ ಎಸ್ಟೇಟು, ನಡುವೆ ಅತ್ತೆ. ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನಾದ್ದರಿಂದ ಅತ್ತೆಯ ಮನೆಯನ್ನು ಸ್ವಿಟ್ಜರ್ಲೆಂಡ್ ಎಂದು ಕರೆಯುತ್ತೇನೆ. ಅತ್ತೆಗೆ ಇದು ಇಷ್ಟವಿಲ್ಲ. "ಅಲ್ಲಿ ಬರೀ ಚಳಿಯಂತೆ" ಎನ್ನುತ್ತಾರೆ.

ಕಾಫಿಯ ವಿಷಯ ಗೊತ್ತಿಲ್ಲದವರಿಗಾಗಿ ಜಗಳದ ಮೂಲ ಹೇಳಿಬಿಡುತ್ತೇನೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಗಿಡದ ಮೊಗ್ಗು ನೀರಿಗಾಗಿ ಬಾಯಿಬಿಟ್ಟುಕೊಂಡು ಕಾಯುತ್ತದೆ. ಹೂಮಳೆ ಬಂದರೆ ಸರಿ. ಬರದಿದ್ದರೆ ಹಳ್ಳಕ್ಕೆ ಪಂಪಿಟ್ಟು, ಸ್ಪ್ರಿಂಕ್ಲರ್ ಹಾಕಿ, ಮಳೆಯನ್ನು ನಾವೇ ಬರಿಸಬೇಕು. ಆ ಕೆಲವು ದಿನ ಕೈತಪ್ಪಿದರೆ ಮೊಗ್ಗು ಕರಟಿ ಹೋಗುತ್ತದೆ, ಜೊತೆಗೆ ವರ್ಷದ ಬೆಳೆಯೂ. ಬೇಸಿಗೆಯಲ್ಲಿ ಹಳ್ಳದಲ್ಲಿ ಇರುವುದೇ ಒಂದು ಕೈ ನೀರು. ಮೇಲಿನವರು ಮರಳುಮೂಟೆ ಪೇರಿಸಿ ಒಡ್ಡು ಕಟ್ಟಿದರೆ ಕೆಳಗಿನವರಿಗೆ ಉಳಿಯುವುದು ಕಲ್ಲು, ಏಡಿ ಮತ್ತು ಸಿಟ್ಟು. ಅದಕ್ಕೇ ಪಾಳಿ. ಪಾಳಿ ಇದ್ದಲ್ಲಿ ತಕರಾರು. ತಕರಾರು ಇದ್ದಲ್ಲಿ ಅತ್ತೆ.

ನಮ್ಮ ಕಡೆಯ ಹಳೆಯ ರೂಢಿ ಏನೆಂದರೆ ನೀರಿನ ತಕರಾರನ್ನು ಎದುರೆದುರು ನಿಂತು ಹೇಳಬಾರದು. ನಡುವೆ ಒಬ್ಬರು ಹೋಗಬೇಕು. ಹೋದವರು ಆ ಮನೆಯಲ್ಲಿ ಉಣ್ಣದೆ ವಿಷಯ ತೆಗೆಯಬಾರದು. ಮನೆಯವರೂ ಅಷ್ಟೇ, ಬಂದವರು ಕೈ ತೊಳೆಯುವ ತನಕ ಕೇಳಬಾರದು. ಉಪ್ಪು ಹುಳಿ ಖಾರ ಒಟ್ಟಿಗೆ ತಿಂದ ಮೇಲೆ ಎಷ್ಟು ಸಿಟ್ಟು ಉಳಿದೀತು ಹೇಳಿ? ಬೇಸಿಗೆ ರಜೆಯಲ್ಲಿ ಅತ್ತೆಯ ಮನೆಗೆ ಹೋಗುತ್ತಿದ್ದ ನಾನು ಅವರ ಹಿಂದೆ ಹಿಂದೆ ಓಡುತ್ತಿದ್ದೆ. ಗೌಡರ ಮನೆಯಲ್ಲಿ ಅಕ್ಕಿರೊಟ್ಟಿ, ಹೆಗ್ಡೆಯವರ ಮನೆಯಲ್ಲಿ ಹಲಸಿನ ಕಡುಬು. ಎರಡೂ ತೋಟದವರು ಆಗಾಗ ಜಗಳವಾಡಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತದ್ದೂ ಉಂಟು!

ಅತ್ತೆ ಜೀಪು ಹತ್ತುತ್ತಿರಲಿಲ್ಲ. ಗೌಡರು "ಬಿಟ್ಟು ಬರಲು ಹೇಳ್ತೀನಿ" ಎಂದರೂ ಒಲ್ಲೆ ಎನ್ನುತ್ತಿದ್ದರು. ಒಮ್ಮೆ ನನಗೇ ಕಾಲು ನೋವು ಬಂದು ಹಟ ಹಿಡಿದೆ.

"ಜೀಪಲ್ಲೇ ಹೋಗೋಣ ಅತ್ತೆ."

"ಬೇಡ ಮಾರಾಯ. ಜೀಪಲ್ಲಿ ಹೋದ್ರೆ ಸಿಟ್ಟೂ ಜೀಪಲ್ಲೇ ಬಂದು ಇಳೀತದೆ. ನಡೆದು ಹೋದ್ರೆ ಅರ್ಧ ದಾರೀಲಿ ಅದಕ್ಕೂ ಸುಸ್ತಾಗ್ತದೆ."

ಮುಂದೆ ನಾನು ಎಂ.ಎ. ಓದುವಾಗ ರಾಜತಾಂತ್ರಿಕತೆಯ ಬಗ್ಗೆ ದಪ್ಪದಪ್ಪ ಪುಸ್ತಕ ಓದಿದೆ. ಯಾವುದರಲ್ಲೂ ಇದಕ್ಕಿಂತ ಹೆಚ್ಚಿನದು ಇರಲಿಲ್ಲ. ಮಜ್ಜಿಗೆಯ ಪ್ರಸ್ತಾಪವಂತೂ ಒಂದರಲ್ಲೂ ಇಲ್ಲ.

ಅತ್ತೆಯ ಇನ್ನೊಂದು ಅಸ್ತ್ರ, "ಸಿಗಲಿಲ್ಲ." ಗೌಡರು ಬಿಸಿಬಿಸಿಯಾಗಿ ಏನೋ ಹೇಳಿ ಕಳಿಸುತ್ತಿದ್ದರು. ಅತ್ತೆ ಕೆಳಗೆ ಹೋಗಿ, ಹೆಗ್ಡೆಯವರ ಜೊತೆ ಸಂಜೆಯ ತನಕ ಕೂತು, ಅವರ ಮಗಳ ಕಿವಿ ಚುಚ್ಚಿಸುವ ಸಮಾರಂಭದ ಸುದ್ದಿಯೆಲ್ಲ ಮಾತಾಡಿ, ವಾಪಸು ಬಂದು ಗೌಡರಿಗೆ ಹೇಳುತ್ತಿದ್ದರು: "ಹೆಗ್ಡೆಯವರು ಸಿಗಲಿಲ್ಲ. ನಾಳೆ ನೋಡೋಣ." ನಾಳೆಗೆ ಗೌಡರೇ, "ನಿನ್ನೆ ಸಿಗದೇ ಇದ್ದದ್ದು ಒಳ್ಳೇದೇ ಆಯ್ತು ಅಕ್ಕ" ಎನ್ನುತ್ತಿದ್ದರು. ಎಂಥ ಕಾಲ ಅದು! ಒಬ್ಬ ಮನುಷ್ಯ ಮನೆಯಲ್ಲೇ ಇದ್ದು ಸಿಗದೇ ಇರಬಹುದಾಗಿದ್ದ ಕಾಲ!

ಲೋಕದ ವಿದ್ಯಮಾನಗಳ ಬಗ್ಗೆಯೂ ಅತ್ತೆಗೆ ಖಚಿತ ಅಭಿಪ್ರಾಯಗಳಿವೆ. ದೇಶಗಳೆಂದರೆ ಅವರಿಗೆ ಎಸ್ಟೇಟುಗಳೇ. ಕೆಲವಕ್ಕೆ ಮೇಲಿನ ನೀರು, ಕೆಲವಕ್ಕೆ ಕೆಳಗಿನ ನೀರು, ಅಷ್ಟೇ ವ್ಯತ್ಯಾಸ. ಒಂದು ಸಲ ಟೀವಿಯಲ್ಲಿ ಎರಡು ದೊಡ್ಡ ದೇಶಗಳ ನಾಯಕರು ಟ್ವೀಟ್ ಮಾಡಿ ಬಹಿರಂಗವಾಗಿ ಒಬ್ಬರನ್ನೊಬ್ಬರು ಬೈದುಕೊಂಡ ಸುದ್ದಿ ಬರುತ್ತಿತ್ತು. ಅತ್ತೆ ಹೌಹಾರಿದರು.

"ಇದೆಂತದು? ಇಷ್ಟು ದೊಡ್ಡ ದೊಡ್ಡವರಿಗೆ ನಡುವೆ ಹೋಗೋರು ಯಾರೂ ಇಲ್ವಾ?"

"ರಾಯಭಾರಿಗಳಿದ್ದಾರೆ ಅತ್ತೆ. ಆದರೆ ಈಗ ಅವರೂ ಟ್ವೀಟ್ ಮಾಡ್ತಾರೆ."

"ಯಾರಿಗೆ?"

"ಎಲ್ಲರಿಗೂ."

"ಎಲ್ಲರಿಗೂ ಹೇಳೋದಾದ್ರೆ ರಾಯಭಾರಿ ಯಾಕೆ ಮಾರಾಯ? ಡಂಗುರ ಹೊಡೆಯೋನು ಸಾಕಲ್ಲ!"

ಇದನ್ನು ನಾನು ಮರುದಿನ ತರಗತಿಯಲ್ಲಿ ನನ್ನದೇ ಮಾತೆಂಬಂತೆ ಹೇಳಿದೆ. ಹಿಂದಿನ ಬೆಂಚಿನವರೂ ಬರೆದುಕೊಂಡರು.

ಹೀಗೆ ನಡೆದಿದ್ದ ಲೋಕಕ್ಕೆ ವಾಟ್ಸಾಪ್ ಬಂತು. ಗೌಡರ ಅಳಿಯ ಬಹಳ ಚುರುಕಿನವರು. ಹಬ್ಬಕ್ಕೆಂದು ಬಂದವರು, ಎರಡೂ ತೋಟದವರನ್ನೂ ಲೆಕ್ಕ ಬರೆಯುವ ರೈಟರು, ಮೇಸ್ತ್ರಿಗಳನ್ನೂ ಸೇರಿಸಿ 'ನೀರಿನ ಪಾಳಿ' ಎಂದು ಒಂದು ಗ್ರೂಪ್ ಮಾಡಿದರು. "ಇನ್ನು ಮೇಲೆ ಅತ್ತೆಯವರು ಬಿಸಿಲಲ್ಲಿ ಗುಡ್ಡ ಹತ್ತಿ ಇಳಿಯೋದು ಬೇಡ, ಎಲ್ಲ ಪಾರದರ್ಶಕ" ಎಂದರು. ಅತ್ತೆಗೂ ಒಂದು ಫೋನು ಬಂತು. ಗೌರವಕ್ಕೆ ಅವರನ್ನೂ ಒಬ್ಬ ಅಡ್ಮಿನ್ ಮಾಡಿದರು. ಅತ್ತೆ ಆ ಪದವಿಯನ್ನು ಅನುಮಾನದಿಂದಲೇ ಸ್ವೀಕರಿಸಿದರು. "ಪಾರದರ್ಶಕ ಅಂದ್ರೆ ಎಂತದು?" ಎಂದು ನನ್ನನ್ನು ಕೇಳಿದರು. "ಎಲ್ಲ ಕಾಣೋ ಹಾಗೆ" ಎಂದೆ. "ಹಂಗಾರೆ ಬಟ್ಟೆ ಯಾಕೆ ಉಡ್ತೀವಿ?" ಎಂದರು!

ಮೊದಲ ವಿಕೆಟ್ ಬಿದ್ದದ್ದು 'ಸಿಗಲಿಲ್ಲ' ಎಂಬುದರದು. ಸಂದೇಶ ಹೋಗಿದೆ, ನೋಡಿಯೂ ಆಗಿದೆ, ನೀಲಿ ಗೀಟು ಎರಡೂ ಬಿದ್ದಿವೆ. ಉತ್ತರ ಮಾತ್ರ ಇಲ್ಲ. "ನೋಡಿ, ನೋಡಿಯೂ ಸುಮ್ಮನಿದ್ದಾರೆ!" ಎಂದು ಗೌಡರು ಕುದಿದರು. ಹೆಗ್ಡೆಯವರು ಆಗ ಬಚ್ಚಲಲ್ಲಿದ್ದರು, ಗೀಟು ಬೀಳಿಸಿದ್ದು ಮೊಮ್ಮಗಳು. ಇದನ್ನು ಯಾವ ಫೋನು ಹೇಳುತ್ತದೆ?

ಆಮೇಲೆ ಹೆಬ್ಬೆಟ್ಟಿನ ಪ್ರಕರಣ. ಹೆಗ್ಡೆಯವರು ಒಂದು ದಿನ, ತಮ್ಮ ಪಾಳಿ ಮುಗಿಯುವುದು ಸ್ವಲ್ಪ ತಡವಾಗುತ್ತದೆ, ದಯವಿಟ್ಟು ಸಹಕರಿಸಿ ಎಂದು ಬಹಳ ಸಭ್ಯವಾಗಿ ಹಾಕಿದರು. ಗೌಡರು ಆಗಲಿ ಎಂಬರ್ಥದಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿದರು. ಅಷ್ಟೇ! ಹೆಗ್ಡೆಯವರು ಅತ್ತೆಯ ಮನೆಗೆ ಓಡಿ ಬಂದರು. "ನಾನು ಮಂಗಳೂರಲ್ಲಿ ಬಿ.ಕಾಂ. ಮಾಡಿದೋನು ಅಕ್ಕ! ನನಗೆ ಹೆಬ್ಬೆಟ್ಟು ತೋರಿಸ್ತಾರೆ! ಅದೂ ಮೇಸ್ತ್ರಿ, ರೈಟರು ಎಲ್ಲ ಇರೋ ಗ್ರೂಪಲ್ಲಿ!"

ಅತ್ತೆ ಕೊಡೆ ಹುಡುಕಿದರು. ಗುಡ್ಡ ಹತ್ತಿದರು. ಗೌಡರ ಮನೆಯಲ್ಲಿ ಉಂಡರು.

"ಹೆಗ್ಡೆಯವರು ನಿಮ್ಮ ಹೆಬ್ಬೆರಳು ಹೇಗಿದೆ ಅಂತ ಕೇಳ್ತಿದ್ರು."

ಗೌಡರು ದಂಗಾಗಿ ತಮ್ಮ ಕೈ ನೋಡಿಕೊಂಡರು. "ಮೊನ್ನೆ ಗಿಡ ಕಸಿ ಮಾಡುವಾಗ ಚೂರು ಗೀಚಿತ್ತು. ಅವರಿಗೆ ಹೆಂಗೆ ಗೊತ್ತಾಯ್ತು ಅಕ್ಕ?"

"ಮನಸ್ಸಿದ್ರೆ ಎಲ್ಲ ಗೊತ್ತಾಗ್ತದೆ. ಅದು ಪೂರ್ತಿ ವಾಸಿ ಆಗೋ ತನಕ ಅದರಲ್ಲಿ ಎಂತದೂ ಒತ್ತಬೇಡಿ."

ಅಂದಿನಿಂದ ಗೌಡರು ಕೈ ಮುಗಿದ ಚಿತ್ರ ಮಾತ್ರ ಕಳಿಸುತ್ತಿದ್ದಾರೆ.

ಅತ್ತೆಗೆ ಎಲ್ಲಕ್ಕಿಂತ ಹಿಂಸೆಯಾಗುತ್ತಿದ್ದದ್ದು ಯಾರಾದರೂ ಬರೆಯುತ್ತಿದ್ದಾರೆ ಎಂದು ಫೋನು ಮುಂಚೆಯೇ ತೋರಿಸಿಬಿಡುವುದು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಫೋನನ್ನೇ ದಿಟ್ಟಿಸುತ್ತಿದ್ದರು. "ಹೆಗ್ಡೆಯವರು ಬರೀತಾ ಇದಾರೆ... ನಿಲ್ಲಿಸಿದ್ರು... ಮತ್ತೆ ಬರೀತಾ ಇದಾರೆ... ಇದು ಒಳ್ಳೇದಲ್ಲ. ಒಳಗೆ ಕುದೀತಾ ಇದೆ. ನಾನು ಹೋಗ್ಬೇಕು, ಕೊಡೆ ಎಲ್ಲಿ?" ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಸಂದೇಶ ಬಂತು. ಒಂದು ಗುಲಾಬಿ ಹೂವು, ಕೆಳಗೆ 'ಗುಡ್ ಮಾರ್ನಿಂಗ್'. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಇನ್ನು ಮುಂದಿನದನ್ನೂ ನಗುತ್ತಲೇ ಬರೆಯಬೇಕೆಂದಿದ್ದೇನೆ. ಆದರೆ ತರಗತಿಯಲ್ಲಿ ಯಾರ ಕೈಯಿಂದಲೋ ಡಸ್ಟರ್ ಬಿದ್ದರೂ ನನ್ನ ಭುಜ ಇನ್ನೂ ಕಿವಿಯವರೆಗೆ ಬರುತ್ತದೆ. ಓದುವವರು ಹೊಂದಿಸಿಕೊಳ್ಳಬೇಕು.

ಈ ಬೇಸಿಗೆಯಲ್ಲಿ ಹೂಮಳೆ ಬರಲೇ ಇಲ್ಲ. ಮೋಡ ಬಾಬಾಬುಡನ್‌ಗಿರಿಯ ಕಡೆ ಕಂಡು ಅಲ್ಲೇ ಕರಗುತ್ತಿತ್ತು. ಗೌಡರು ಒಡ್ಡಿಗೆ ಇನ್ನೊಂದು ವರಸೆ ಮರಳುಮೂಟೆ ಏರಿಸಿದರು. ಕೆಳಗೆ ಹೆಗ್ಡೆಯವರ ಪಂಪು ಗಾಳಿ ಎಳೆಯತೊಡಗಿತು. ಹಿಂದಾದರೆ ಅತ್ತೆಯನ್ನು ಕರೆಸುತ್ತಿದ್ದರು. ಈಗ ಗ್ರೂಪ್ ಇದೆಯಲ್ಲ? ಹೆಗ್ಡೆಯವರು ಗ್ರೂಪಿನಲ್ಲಿ ಹಾಕಿದರು, ಗೀಟು ನೀಲಿಯಾಯಿತು, ಉತ್ತರ ಬರಲಿಲ್ಲ. ಅವರು ನೇರವಾಗಿ ಒಡ್ಡಿಗೇ ಹೋಗಿ ನಿಂತರು. ಗೌಡರು ಅಲ್ಲೇ ಕತ್ತಿಯಲ್ಲಿ ಬಳ್ಳಿ ಸವರುತ್ತಿದ್ದರು. ಮಾತಿಗೆ ಮಾತಾಯಿತು. "ಮೇಲಿನವನು ಮಳೆ ಕೊಡದಿದ್ರೆ ನಾನೆಂತ ಮಾಡ್ಲಿ ಮಾರಾಯ್ರೇ?" ಎಂದು ಗೌಡರು ಆಕಾಶದ ಕಡೆ ಕೈ ತೋರಿಸಿದರು. ಆ ಕೈಯಲ್ಲಿ ಕತ್ತಿ ಇತ್ತು. ಅಷ್ಟೇ ಆದದ್ದು. ಕೈಯಲ್ಲಿ ಚಮಚ ಇದ್ದಿದ್ದರೆ ಚಮಚದಲ್ಲೇ ಆಕಾಶ ತೋರಿಸುತ್ತಿದ್ದರು.

ಒಡ್ಡಿನ ಪಕ್ಕದ ಸೇತುವೆಯ ಮೇಲೆ ಹೋಮ್‌ಸ್ಟೇಗೆ ಬಂದ ಯಾರೋ ನಿಂತಿದ್ದರಂತೆ. ಹಳ್ಳದ ಚಂದದ ವಿಡಿಯೊ ತೆಗೆಯುತ್ತಿದ್ದವರು ಇದನ್ನೂ ತೆಗೆದರು. ಅವರು ಯಾರು, ಯಾವೂರು, ಇವತ್ತಿಗೂ ಗೊತ್ತಿಲ್ಲ. ಸಂಜೆಯೊಳಗೆ ಆ ವಿಡಿಯೊ ಗುಡ್ಡದ ಎರಡೂ ಕಡೆಯ ಊರುಗಳಲ್ಲಿತ್ತು. ಗೌಡರ ಮಾತು ಇರಲಿಲ್ಲ. ಅದರ ಜಾಗದಲ್ಲಿ ಡೋಲು, ನಗಾರಿ. ಕತ್ತಿ ಮೇಲೇಳುವುದನ್ನು ಯಾರೋ ನಿಧಾನಗತಿ ಮಾಡಿ ಮೂರು ಮೂರು ಸಲ ತೋರಿಸಿದ್ದರು. ಕೆಳಗಿನ ಊರಿನ ಸ್ಟೇಟಸ್‌ಗಳಲ್ಲಿ, 'ನಮ್ಮ ಹಿರಿಯರ ಮೇಲೆ ಕತ್ತಿ ಎತ್ತಿದವರಿಗೆ ನಾಳೆ ಸೇತುವೆ ಹತ್ರ ಉತ್ತರ.' ಮೇಲಿನ ಊರಿನವುಗಳಲ್ಲಿ, 'ಬನ್ನಿ, ನಾವೂ ಬರ್ತೀವಿ.' ಬರೆದವರಲ್ಲಿ ಎಷ್ಟೋ ಜನ ಆ ಹಳ್ಳದ ನೀರಿಗೆ ಕಾಲಿಟ್ಟವರೂ ಅಲ್ಲ.

ಮರುದಿನ ಶನಿವಾರವೆಂದು ನಾನು ಅತ್ತೆಯ ಮನೆಗೆ ಬಂದಿದ್ದೆ. ಮಧ್ಯಾಹ್ನ ನನ್ನ ಫೋನಿನಲ್ಲಿ ಅದನ್ನೆಲ್ಲ ತೋರಿಸಿದೆ. ಅತ್ತೆ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಇವರಿಗೆಲ್ಲ ಊಟ ಹಾಕೋದು ಯಾರು?"

"ಯಾರಿಗೆ ಅತ್ತೆ?"

"ಇಷ್ಟು ಜನ ಸಿಟ್ಟು ಮಾಡ್ಕೊಂಡಿದ್ದಾರಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಉಂಡು ಬರೋಕೆ ನನಗೆ ಒಂದು ಹೊಟ್ಟೆ ಸಾಕಾ?" ಕನ್ನಡಕ ಸರಿಮಾಡಿಕೊಂಡು ಎದ್ದರು. "ಕಾರು ತೆಗಿ."

ಅತ್ತೆಯ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಸೇತುವೆ ಇರುವುದು ಹಳ್ಳದ ತಗ್ಗಿನಲ್ಲಿ. ಎರಡು ವಾಹನ ಎದುರಾದರೆ ಒಂದು ಹಿಂದೆ ಹೋಗಲೇಬೇಕಾದಷ್ಟು ಸಣ್ಣದು. ನಾವು ಹೋದಾಗ ಈ ತುದಿಯಲ್ಲಿ ಮೇಲಿನ ಊರಿನವರು, ಆ ತುದಿಯಲ್ಲಿ ಕೆಳಗಿನ ಊರಿನವರು. ಹಿಂದೆ ಪಿಕಪ್ಪು, ಜೀಪು, ಬೈಕುಗಳ ಸಾಲು. ಒಂದು ಕೈಯಲ್ಲಿ ದೊಣ್ಣೆಯೋ ಕತ್ತಿಯೋ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಫೋನು. ಎರಡೂ ಕೈ ತುಂಬಿದ ಆ ಜನ ಹೊಡೆಯುವುದಾದರೂ ಹೇಗೆ ಎಂದು ಈಗ ಕೇಳಬಹುದು. ಆಗ ಕೇಳಲು ನನ್ನ ಬಾಯಲ್ಲಿ ಪಸೆ ಇರಲಿಲ್ಲ.

ಅತ್ತೆಯ ಮುಖ ಕಂಡು ಜನ ದಾರಿ ಬಿಟ್ಟರು. "ಮುಂದೆ ಹೋಗು. ನಡುವೆ ನಿಲ್ಲಿಸು" ಎಂದರು ಅತ್ತೆ. ನಿಲ್ಲಿಸಿದೆ. ಹಿಂದಿನಿಂದ ಜನ ಮತ್ತೆ ಮುಚ್ಚಿಕೊಂಡರು. ಒಂದು ಪಿಕಪ್ಪು ಬಂದು ನಮ್ಮ ಬಾಲಕ್ಕೇ ಅಂಟಿ ನಿಂತಿತು. ಎದುರಿನಲ್ಲಿ ಜೀಪು. ಆಗಲೇ ಕಲ್ಲು ಬಂದದ್ದು.

ಯಾವ ಕಡೆಯಿಂದ ಬಂತು ಎಂದು ಪೊಲೀಸರೂ ಕೇಳಿದರು, ನನ್ನ ಹೆಂಡತಿಯೂ ಕೇಳಿದಳು. ಗೊತ್ತಿಲ್ಲ. ಸದ್ದು ಮಾತ್ರ ಗೊತ್ತು. ಹಿಂದಿನ ಕಿಟಕಿಯ ಗಾಜು ಒಡೆದದ್ದಲ್ಲ, ಸುರಿದದ್ದು. ನನ್ನ ಕುತ್ತಿಗೆಯ ಮೇಲೆ, ಅಂಗಿಯೊಳಗೆ, ಕಲ್ಲುಸಕ್ಕರೆ ಎರಚಿದ ಹಾಗೆ. ಆಮೇಲೆ ಎರಡೂ ಕಡೆಯಿಂದ ಒಂದು ಕೂಗು ಎದ್ದಿತು. ಮನುಷ್ಯರ ಗಂಟಲಿನಿಂದ ಅಂಥ ಸದ್ದು ಬರುವುದನ್ನು ನಾನು ಕೇಳಿರಲಿಲ್ಲ. ಸ್ಟೀರಿಂಗ್ ಹಿಡಿದ ನನ್ನ ಕೈ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಅತ್ತೆ ಹಿಂದಿನ ಸೀಟು ನೋಡಿದರು. ನನ್ನ ಮುಖ ನೋಡಿದರು. "ಒಳಗೇ ಕೂತಿರು. ಇಳೀಬೇಡ" ಎಂದು ಬಾಗಿಲು ತೆಗೆದು ಇಳಿದುಬಿಟ್ಟರು.

ಮುಂದೆ ನಡೆದದ್ದನ್ನು ನಾನು ಮುಂದಿನ ಗಾಜಿನಲ್ಲಿ ಅರ್ಧ, ಕನ್ನಡಿಯಲ್ಲಿ ಅರ್ಧ ನೋಡಿದೆ. ಗೌಡರು ತಮ್ಮ ಕಡೆಯ ಗುಂಪಿನ ಮುಂದೆ ನಿಂತಿದ್ದರು, ಹೆಗ್ಡೆಯವರು ತಮ್ಮ ಕಡೆಯದರ ಮುಂದೆ. ಇಬ್ಬರ ಮುಖವೂ ಬೂದಿ ಬಣ್ಣ. ಎದುರಿನ ಗುಂಪನ್ನು ಎದುರಿನವರೇ ಬೇಕೆಂದು ಕರೆಸಿದ್ದಾರೆ ಎಂದು ಇಬ್ಬರೂ ನಂಬಿದ್ದರು. ಅತ್ತೆ ಮೊದಲು ಗೌಡರ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಫೋನುಗಳೆಲ್ಲ ಹತ್ತಿರ ಬಂದವು, ಒಂದಕ್ಕೂ ಕೇಳಿಸಲಿಲ್ಲ. ಗೌಡರು ಕೈಯಾಡಿಸಿ ಏನೋ ಜೋರಾಗಿ ಶುರುಮಾಡಿದರು. ಅತ್ತೆ ಕೇಳುವ ಗೋಜಿಗೇ ಹೋಗದೆ ತಿರುಗಿ, ಮಂಡಿನೋವಿನ ಕಾಲೆಳೆಯುತ್ತಾ ಇಡೀ ಸೇತುವೆ ದಾಟಿ ಹೆಗ್ಡೆಯವರ ಕಿವಿಗೆ ಬಾಯಿಟ್ಟರು. ಮತ್ತೆ ಗೌಡರು. ಮತ್ತೆ ಹೆಗ್ಡೆಯವರು. ಆ ನಡಿಗೆ ಎಷ್ಟು ನಿಧಾನವೆಂದರೆ ಕೂಗುತ್ತಿದ್ದವರ ಕೂಗು ದಾರಿಯಲ್ಲೇ ಮುಗಿದುಹೋಗುತ್ತಿತ್ತು.

ಇಷ್ಟರಲ್ಲಿ ಹಳ್ಳದ ತಗ್ಗಿನಲ್ಲಿ ರೇಂಜ್ ಇಲ್ಲವೆಂಬುದು ಯೋಧರ ಗಮನಕ್ಕೆ ಬಂತು. ತೆಗೆದ ವಿಡಿಯೊ ಒಂದೂ ಹೋಗುತ್ತಿಲ್ಲ! ಲೈವ್ ಹೋಗದಿದ್ದರೆ ಹೊಡೆದಾಟಕ್ಕೆ ಅರ್ಥವೇನು? ಎರಡೂ ಕಡೆಯಿಂದ ಒಂದಿಷ್ಟು ಜನ, ರೇಂಜ್ ಸಿಗುವ ಮೇಲಿನ ತಿರುವಿಗೆ ಓಡಿದರು. ಯುದ್ಧದ ಸುದ್ದಿ ಹೇಳಲು ಸೈನಿಕರೇ ರಣರಂಗ ಬಿಟ್ಟು ಓಡಿದ್ದು ಬೇರೆಲ್ಲಾದರೂ ಉಂಟೇ?

ಆಗ ಗೌಡರು ಕೈಯೆತ್ತಿ ತಮ್ಮವರಿಗೆ ಕೂಗಿದರು. "ಏಯ್, ಗಾಡಿ ಹಿಂದೆ ತೆಗೀರಿ! ಕಾರಿಗೆ ದಾರಿ ಬಿಡಿ!" ಆ ಕಡೆಯಿಂದ ಹೆಗ್ಡೆಯವರು, "ಜೀಪು ರಿವರ್ಸ್ ಹಾಕ್ರೋ!"

ಘಟ್ಟದ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅಷ್ಟು ಸಣ್ಣ ರಸ್ತೆಯಲ್ಲಿ ಮುಂದಿನ ಗಾಡಿ ಹಿಂದೆ ಹೋಗಬೇಕಾದರೆ ಕಟ್ಟಕಡೆಯ ಗಾಡಿಯಿಂದ ಶುರುಮಾಡಬೇಕು. ಕಟ್ಟಕಡೆಯ ಗಾಡಿಯವನು ರೇಂಜ್ ಹುಡುಕಿ ಗುಡ್ಡ ಹತ್ತಿದ್ದಾನೆ. ಅವನಿಗೆ ಫೋನು ಮಾಡೋಣವೆಂದರೆ ಇಲ್ಲಿ ರೇಂಜ್ ಇಲ್ಲ! ಹತ್ತಾರು ಜನ ಬಾಯಿಗೆ ಕೈಯಿಟ್ಟು ಕೂ ಹೊಡೆದರು. ಇನ್ನು ಗಾಡಿ ಹಿಂದೆ ಹೋಗುವಾಗ ಪಕ್ಕದಲ್ಲಿ ನಿಂತ ಮಲೆನಾಡಿನವನು ಸುಮ್ಮನಿರಬಲ್ಲನೇ? ಈಗಷ್ಟೇ ಕೊಲ್ಲುತ್ತೇನೆಂದು ಕೂಗಿದವನು ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಬೀಸುತ್ತಾ, "ಬರ್ಲಿ... ಬರ್ಲಿ... ಬರ್ಲಿ... ಚೂರು ಕಟ್ ಮಾಡಿ... ಸಾಕ್, ಸಾಕ್, ಸಾಕ್!" ಎನ್ನತೊಡಗಿದ. ಕೆಳಗಿನ ಊರಿನ ಪಿಕಪ್ಪೊಂದರ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. "ನಿನ್ಗೆ ಲೈಸೆನ್ಸ್ ಕೊಟ್ಟೋನ್ ಯಾರಾ?" ಎಂದು ಮೇಲಿನ ಊರಿನವನೊಬ್ಬ ಬೈಯುತ್ತಲೇ ಹೋಗಿ ಭುಜ ಕೊಟ್ಟ. ಅವನ ಹಿಂದೆ ಇನ್ನು ನಾಲ್ವರು. ಐಸಾ ಎಂದು ಎತ್ತುವಾಗ ಯಾವ ಊರಿನವರು ಯಾರು ಎಂದು ಹೇಳಲು ಬರುತ್ತಿರಲಿಲ್ಲ.

ಎಲ್ಲ ಗಾಡಿ ಸರಿದು ನನ್ನ ಕಾರಿಗೆ ದಾರಿಯಾಗುವಷ್ಟರಲ್ಲಿ ಜನ ಬೆವೆತು, ಸುಸ್ತಾಗಿ, ಬೀಡಿ ಹಚ್ಚಿದ್ದರು. ಯಾರಿಗೂ ಮೊದಲಿನಿಂದ ಸಿಟ್ಟು ಶುರುಮಾಡುವ ಉತ್ಸಾಹ ಉಳಿದಿರಲಿಲ್ಲ.

ಮನೆಗೆ ಬಂದು ಅತ್ತೆ ಬೆಲ್ಲ ನೀರು ಕೊಟ್ಟರು. ಅಂಗಳದಲ್ಲಿ ಕೂರಿಸಿ, ಕಾಲರಿನೊಳಗಿನಿಂದ ಗಾಜಿನ ಚೂರುಗಳನ್ನು ಹೆಕ್ಕಿದರು. ಆ ಸಂಜೆಯೇ ಗೌಡರು ಒಡ್ಡಿನ ಮೇಲಿನ ವರಸೆ ಇಳಿಸಿದರು. ಬೆಳಗಾಗುವಾಗ ಹೆಗ್ಡೆಯವರ ಪಂಪಿನ ಸದ್ದು ಕೇಳಿತು. ಮುಂದಿನ ವಾರ ಹಳ್ಳದ ಆಚೆಗೂ ಈಚೆಗೂ ತೋಟ ಒಟ್ಟಿಗೇ ಬೆಳ್ಳಗಾಯಿತು. ಕಾಫಿ ಹೂವಿನ ಆ ವಾಸನೆಗೆ ಬೇಲಿ ಎಲ್ಲಿದೆ?

ವಿಡಿಯೊಗಳು ರೇಂಜ್ ಸಿಕ್ಕ ಮೇಲೆ ಲೋಕಕ್ಕೆ ಹೋದವು. ಸೇತುವೆ ಮೇಲೆ ಓಡಾಡುವ ಅಜ್ಜಿ ದೊಡ್ಡ ಸುದ್ದಿಯಾದರು. ಅಜ್ಜಿ ಕಿವಿಯಲ್ಲಿ ಹೇಳಿದ್ದೇನು? ಕೆಳಗೆ ಬಂದ ಅಭಿಪ್ರಾಯಗಳನ್ನು ಓದಿದರೆ ಒಂದು ಪಿಎಚ್.ಡಿ. ಮಾಡಬಹುದು. ಹಳೆಯ ಗುಟ್ಟೊಂದನ್ನು ಬಯಲು ಮಾಡುವೆನೆಂದು ಹೆದರಿಸಿದರು ಎಂದು ಕೆಲವರು. ಮಂತ್ರ ಎಂದು ಕೆಲವರು. ನಾನಂತೂ 'ಬಹಿರಂಗ ಮಾಧ್ಯಮದ ಯುಗದಲ್ಲಿ ಗೋಪ್ಯ ಸಂಧಾನ' ಎಂದು ಕಾಲೇಜಿನಲ್ಲಿ ಒಂದು ವಿಶೇಷ ಉಪನ್ಯಾಸವನ್ನೇ ಕೊಟ್ಟುಬಿಟ್ಟೆ. ಅತ್ತೆ ಎರಡೂ ಕಡೆಗೆ ಸಮಾನ ರಿಯಾಯಿತಿ ಕೊಟ್ಟು, ನೀರಿನ ಹೊಸ ಒಪ್ಪಂದವನ್ನು ನಿಂತಲ್ಲೇ ರೂಪಿಸಿದ್ದರೆಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದೆ. ಅತ್ತೆಯನ್ನು ಕೇಳಿದ್ದಕ್ಕೆ, "ಎಂತ ಹೇಳಿದ್ನೋ, ನೆನಪಿಲ್ಲ ಮಾರಾಯ" ಎಂದಿದ್ದರು. ರಾಜತಂತ್ರಜ್ಞರು ಹಾಗೇ ಹೇಳುವುದು ಎಂದು ಅದನ್ನೂ ಉಪನ್ಯಾಸಕ್ಕೆ ಸೇರಿಸಿದ್ದೆ.

ಮೊನ್ನೆ ಗೋಣಿಬೀಡಿನ ಹೋಟೆಲಿನಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಗೌಡರು ಸಿಕ್ಕರು. ನಾನು ಕುರ್ಚಿ ಎಳೆದುಕೊಂಡು ಕೇಳಿಯೇಬಿಟ್ಟೆ.

"ಆವತ್ತು ಅತ್ತೆ ಯಾವ ಷರತ್ತು ಹಾಕಿದರು ಗೌಡ್ರೇ?"

"ಷರತ್ತಾ?" ಗೌಡರು ಲೋಟ ಕೆಳಗಿಟ್ಟರು. "ಎಂತ ಷರತ್ತೂ ಇಲ್ಲ ಮಾರಾಯ್ರೇ. ನಾನು ನೀರಿನ ವಿಷಯ ತೆಗೆದೆ. ಅವರು ಕೇಳಿಸ್ಕೊಳ್ಳಲೇ ಇಲ್ಲ. 'ಕಾರಲ್ಲಿ ಮಗು ಇದೆ. ಬಹಳ ಹೆದರ್ಕೊಂಡಿದೆ. ದಾರಿ ಬಿಡಿಸಿ ಗೌಡ್ರೇ' ಅಂದ್ರು. ಪ್ರತಿ ಸಲ ಬಂದಾಗ್ಲೂ ಅದೇ. ಕಣ್ಣಲ್ಲಿ ನೀರು. ನನಗೂ ಗಾಬರಿ ಆಗೋಯ್ತು. ಯಾರ ಮಗುವಪ್ಪಾ, ಗಾಜು ಬೇರೆ ಒಡೆದಿದೆ ಅಂತ." ಅವರು ನನ್ನ ನರೆತ ಮೀಸೆಯನ್ನು ನೋಡಿ ಮುಗುಳ್ನಕ್ಕರು. "ಆಮೇಲೆ ಬಗ್ಗಿ ನೋಡಿದ್ರೆ ನೀವು!"

ಹೋಟೆಲಿನಿಂದಲೇ ಹೆಗ್ಡೆಯವರಿಗೆ ಫೋನು ಮಾಡಿದೆ. ಅವರೂ ನಕ್ಕರು. ಅವರಿಗೂ ಅದೇ ಮಾತು. ಮಗು. ಹೆದರ್ಕೊಂಡಿದೆ. ದಾರಿ.

ಕಾರಿನಲ್ಲಿ ಕೂತು ಆ ವಿಡಿಯೊವನ್ನು ಮತ್ತೆ ಹಾಕಿದೆ. ಇಷ್ಟು ದಿನ ಅದೆಷ್ಟು ಸಲ ನೋಡಿದ್ದೆನೋ, ನೋಡಿದ್ದು ಗುಂಪನ್ನು, ಕತ್ತಿಗಳನ್ನು, ಕಲ್ಲು ಎಲ್ಲಿಂದ ಬಂತು ಎಂಬುದನ್ನು. ಈ ಸಲ ಅತ್ತೆಯನ್ನು ಮಾತ್ರ ನೋಡಿದೆ. ಪ್ರತಿ ಸಲ ನಡುಸೇತುವೆಯಲ್ಲಿ ಅವರು ಒಂದು ಕ್ಷಣ ನಿಲ್ಲುತ್ತಾರೆ. ಕಾರಿನ ಗಾಜಿನ ಮೇಲೆ ಅಂಗೈ ಇಟ್ಟು ಮುಂದೆ ಹೋಗುತ್ತಾರೆ. ಒಳಗಿದ್ದ ನನಗೆ ಅದು ಕಂಡದ್ದೇ ನೆನಪಿಲ್ಲ.

ಚಿಕ್ಕಮಗಳೂರಿಗೆ ಹೋಗಬೇಕಾದವನು ಕಾರು ತಿರುಗಿಸಿ ಅತ್ತೆಯ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು.

"ಅತ್ತೆ, ನನಗೆಷ್ಟು ವಯಸ್ಸು?" ಎಂದೆ. ಜೋರಾಗಿ ನಗಬೇಕೆಂದುಕೊಂಡಿದ್ದೆ. ದನಿ ಬೇರೆಯೇ ಬಂತು.

ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದರು.

"ಯಾಕೆ? ಹೆದರಿಕೆ ಇನ್ನೂ ಹೋಗ್ಲಿಲ್ವಾ?"

"ಇಲ್ಲ ಅತ್ತೆ."

ಅವರು ಮೊರವನ್ನು ಬದಿಗೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದರು.